ಗುಳ್ಳೆಯ ಜಾಡು ಹಿಡಿದು: ಮನೆಯ ಈಜುಕೊಳವೊಂದರ ಪಂಪಿನ ಪ್ರಕರಣ

ಅಕ್ಕ ಫೋನ್ ಮಾಡಿದ್ದು ಕೊಳದ ನೀರು ಹಸಿರಾಗಿದೆ ಎಂದು ಹೇಳುವುದಕ್ಕೆ. "ಕ್ಲೋರಿನ್ ಹಾಕಿದಷ್ಟೂ ನುಂಗ್ತಾ ಇದೆ ಕಣೋ. ನಿನ್ನೆ ಸಂಜೆ ಹಾಕಿದ್ದು ಬೆಳಿಗ್ಗೆ ನೋಡಿದ್ರೆ ಇಲ್ಲವೇ ಇಲ್ಲ. ಮಕ್ಕಳನ್ನ ಇಳಿಸೋಕೇ ಮನಸ್ಸು ಬರಲ್ಲ." ಹಿಂದಿನಿಂದ ಭಾವನ ದನಿ ಕೇಳಿಸಿತು: "ಗುಳ್ಳೆ ಬರ್ತಿದೆ ಅಂತಾನೂ ಹೇಳು." ಈ ಎರಡನೆಯ ಮಾತು ಬಾಲಂಗೋಚಿಯ ಹಾಗೆ ಬಂದು ಸೇರಿಕೊಂಡಿತು. ಪ್ರಕರಣದ ಜುಟ್ಟು ಇದ್ದದ್ದು ಅಲ್ಲೇ. ನಾನೂ ಆಗ ಅದನ್ನು ಹಿಡಿಯಲಿಲ್ಲ. "ನೀರಿನ ಪಿಎಚ್ ಎಷ್ಟಿದೆ ನೋಡಿ" ಎಂದು ದೊಡ್ಡದಾಗಿ ಹೇಳಿ ಫೋನ್ ಇಟ್ಟೆ. (ಪಿಎಚ್ ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ.)

ಪಂಪು, ಪೈಪು, ವಾಲ್ವು ನನ್ನ ಕಸುಬು. ಮನೆಯ ಈಜುಕೊಳದಲ್ಲಿ ಇರುವುದೂ ಇವೇ ಮೂರು, ಜೊತೆಗೊಂದು ಮರಳು ತುಂಬಿದ ಡ್ರಮ್ಮು. ಆದರೂ ಇದನ್ನು ಸರಿಮಾಡಲು ಎರಡು ಭಾನುವಾರ ಬೇಕಾದವು. ಕೆಟ್ಟಿದ್ದ ಭಾಗ ಅಂಗೈ ಅಗಲದ್ದೂ ಅಲ್ಲ. ಅದು ಯಾಕೆ ಕೆಟ್ಟಿತು ಎಂದು ತಿಳಿಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ಸಲಕರಣೆಗಳು ಇವು. ಕೊಳದ ಉದ್ದ 9 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.25 ಮೀಟರ್, ಅಂದರೆ 45,000 ಲೀಟರ್ ನೀರು. ನೀರನ್ನು ಎಳೆದುಕೊಳ್ಳಲು ಎರಡು ದಾರಿ: ಅಂಚಿನಲ್ಲಿ ಎಲೆ-ಕಸ ಹಿಡಿಯುವ ಸ್ಕಿಮ್ಮರಿನ ಬಾಯಿ, ತಳದಲ್ಲಿ ಒಂದು ಡ್ರೈನ್. ಎರಡರ ಪೈಪೂ ಪಂಪಿನ ಕೋಣೆಯಲ್ಲಿ ವಾಲ್ವಿನ ಹತ್ತಿರ ಸೇರಿ ಒಂದಾಗಿ ಪಂಪಿಗೆ ಹೋಗುತ್ತವೆ. ಪಂಪು 1 ಎಚ್‌ಪಿ, ಸಿಂಗಲ್ ಫೇಸ್. ಅದರ ಮುಂಭಾಗದಲ್ಲಿ ಪಾರದರ್ಶಕ ಮುಚ್ಚಳದ ಪಾತ್ರೆ, ಪಾತ್ರೆಯೊಳಗೆ ಕಸದ ಬುಟ್ಟಿ. ಪಂಪಿನಿಂದ ನೀರು ಮರಳಿನ ಫಿಲ್ಟರಿಗೆ ಹೋಗುತ್ತದೆ, ಫಿಲ್ಟರಿನ ತಲೆಯ ಮೇಲೆ ನೀರಿನ ದಾರಿ ಬದಲಿಸುವ ಆರು ಸ್ಥಾನಗಳ ಮಲ್ಟಿಪೋರ್ಟ್ ವಾಲ್ವ್ ಇದೆ, ಅಲ್ಲಿಂದ ಎರಡು ನಳಿಕೆಗಳ ಮೂಲಕ ಮತ್ತೆ ಕೊಳಕ್ಕೆ. ಪಂಪು ಕುಳಿತಿರುವುದು ಕೊಳದ ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಎತ್ತರದಲ್ಲಿ. ಈ ಅರ್ಧ ಮೀಟರನ್ನು ನೆನಪಿಟ್ಟುಕೊಳ್ಳಿ.

ನಾನು ಹೋಗುವಷ್ಟರಲ್ಲಿ ಮೂರು ಚಿಕಿತ್ಸೆ ಮುಗಿದಿದ್ದವು. ಕ್ಲೋರಿನ್ ಎರಡರಷ್ಟಾಗಿತ್ತು. ಪಂಪಿನ ಮುಚ್ಚಳದ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಹೊಸದಾಗಿತ್ತು. ಫಿಲ್ಟರಿನ ಮರಳನ್ನೂ ಪೂರ್ತಿ ಬದಲಾಯಿಸಿದ್ದರು. ನೀರು ಕಲಕಿದೆ ಎಂದರೆ ಮರಳು ಹಳತಾಗಿದೆ ಎಂದು ಯಾರೋ ಹೇಳಿದ್ದರಂತೆ. ಮರಳು ಹಾಕಿ ಎರಡೇ ವರ್ಷವಾಗಿತ್ತು. ನೋಡಿಕೊಂಡರೆ ಐದಾರು ವರ್ಷ ಸಾಮಾನ್ಯವಾಗಿ ಚಿಂತೆಯಿಲ್ಲ. ಸಾಲದ್ದಕ್ಕೆ ಹೊಸ ಮರಳು ತುಂಬಿದ ಮೇಲೆ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖ ಹಾಯಿಸಿ ಮರಳು ತೊಳೆಯುವುದು), ರಿನ್ಸ್ (ಆಮೇಲೆ ಜಾಲಾಡಿಸಿ ಆ ನೀರನ್ನು ಹೊರಗೆ ಬಿಡುವುದು) ಯಾವುದನ್ನೂ ಮಾಡದೆ ನೇರ ಫಿಲ್ಟರ್ ಸ್ಥಾನಕ್ಕೆ ತಿರುಗಿಸಿದ್ದರಿಂದ, ಮರಳಿನ ನುಣುಪು ಪುಡಿಯೆಲ್ಲ ಕೊಳಕ್ಕೆ ಬಂದು ನಳಿಕೆಯ ಕೆಳಗೆ ಬಿದ್ದಿತ್ತು. ಈಗ ಭಾವನಿಗೆ "ಫಿಲ್ಟರ್ ಒಳಗೆ ಒಡೆದಿದೆ" ಎಂಬ ಹೊಸ ಚಿಂತೆ. ಎರಡು ನಿಮಿಷ ಬ್ಯಾಕ್‌ವಾಶ್, ಒಂದು ನಿಮಿಷ ರಿನ್ಸ್ ಮಾಡಿ, ತಳದ ಮರಳನ್ನು ಗುಡಿಸಿ ತೆಗೆದೆ. ಮತ್ತೆ ಬರಲಿಲ್ಲ. ಬರುತ್ತಲೇ ಇದ್ದಿದ್ದರೆ ಡ್ರಮ್ಮಿನ ತಳದಲ್ಲಿರುವ ಸೀಳುಗಂಡಿಯ ಕೊಳವೆಗಳಲ್ಲೊಂದು ಮುರಿದಿದೆ ಎಂದು ಅರ್ಥ. ಆಗ ಮರಳನ್ನೆಲ್ಲ ಹೊರಗೆ ತೆಗೆಯದೆ ಬೇರೆ ದಾರಿಯಿಲ್ಲ.

ಎಳೆಯುವ ಕಡೆ, ತಳ್ಳುವ ಕಡೆ

ಪಂಪ್ ಹಾಕಿಸಿ ಸುಮ್ಮನೆ ನಿಂತು ನೋಡಿದೆ. ಮುಚ್ಚಳದ ಕೆಳಗೆ ಪಾತ್ರೆ ತುಂಬಿರಲಿಲ್ಲ. ಮುಷ್ಟಿಗಾತ್ರದ ಗಾಳಿಯ ಗುಳ್ಳೆಯೊಂದು ಮೇಲುಗಡೆ ಕುಳಿತು ಗಿರಗಿರ ಸುತ್ತುತ್ತಿತ್ತು. ಫಿಲ್ಟರಿನ ಒತ್ತಡ ತೋರಿಸುವ ಗೇಜಿನ ಮುಳ್ಳು 6 ಮತ್ತು 8 ಪಿಎಸ್‌ಐ ನಡುವೆ ನಡುಗುತ್ತಿತ್ತು. ಫಿಲ್ಟರ್ ಶುದ್ಧವಿದ್ದಾಗ ಅದು 12ರಲ್ಲಿ ನಿಲ್ಲುತ್ತಿತ್ತೆಂದು ಭಾವ ಗೇಜಿನ ಮೇಲೆಯೇ ಹಿಂದೆ ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದರು. (ಭಾವ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು. ಆ ಗುರುತಿಲ್ಲದಿದ್ದರೆ 7 ಕಡಿಮೆಯೋ ಸರಿಯೋ ಎಂದು ಹೇಳುವವರು ಯಾರು?) ಕೊಳದ ನಳಿಕೆಗಳಿಂದ ಸೋಡಾ ಬಾಟಲಿ ತೆರೆದಂತೆ ಸಣ್ಣ ಗುಳ್ಳೆ ಸತತವಾಗಿ ಬರುತ್ತಿತ್ತು. ಪಂಪ್ ನಿಲ್ಲಿಸಿದಾಗ ಸ್ಕಿಮ್ಮರಿನ ಕಡೆಯಿಂದ ಗುಳುಗುಳು ಸದ್ದು ಬಂದು ನೀರು ಉಕ್ಕಿತು. ಅದನ್ನು ಕೇಳಿ ಪೈಪ್ ಕಟ್ಟಿಕೊಂಡಿದೆ ಎಂದುಕೊಳ್ಳುವವರೇ ಹೆಚ್ಚು. ನಿಜಕ್ಕೂ ಅದು ಫಿಲ್ಟರಿನ ಡ್ರಮ್ಮಿನಲ್ಲಿ ಒತ್ತಿ ಕುಳಿತಿದ್ದ ಗಾಳಿ. ತಳ್ಳುವವರು ಇಲ್ಲವಾದ ಕೂಡಲೇ ಹಿಗ್ಗಿ ನೀರನ್ನು ಹಿಂದಕ್ಕೆ ನೂಕುತ್ತದೆ. ಡ್ರಮ್ಮಿನಲ್ಲಿ ಗಾಳಿ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದು ಅಪಾಯವೂ ಹೌದು. ನೀರು ಒತ್ತಿದರೆ ಕುಗ್ಗುವುದಿಲ್ಲ. ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಕುಳಿತಿರುತ್ತದೆ. ಸರಿಯಾಗಿ ಬಿಗಿಯದ ಫಿಲ್ಟರ್ ಮುಚ್ಚಳ ಹಾರಿ ಹೋಗುವುದು ಇಂಥ ಗಾಳಿಯಿಂದ. ಅದಕ್ಕೇ ಪಂಪ್ ಹಾಕುವ ಮೊದಲು ಗಾಳಿ ಬಿಡುವ ತಿರುಪು ತೆರೆದು, ನೀರು ಚಿಮ್ಮುವವರೆಗೆ ಕಾದು, ಆಮೇಲೆ ಮುಚ್ಚಬೇಕು. ಆ ಹೊತ್ತಿನಲ್ಲಿ ಡ್ರಮ್ಮಿನ ಮೇಲೆ ಬಗ್ಗಿ ನಿಲ್ಲಬಾರದು.

ಗಾಳಿ ಎಲ್ಲಿಂದ ಬಂತು? ಇಲ್ಲಿ ಒಂದು ಗೆರೆ ಎಳೆದುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಪಂಪಿನ ಹಿಂದೆ, ಅಂದರೆ ಕೊಳದಿಂದ ಪಂಪಿನವರೆಗೆ, ನೀರು ಎಳೆಯಲ್ಪಡುತ್ತಿರುತ್ತದೆ; ಈ ಕೋಣೆಯಲ್ಲಿದ್ದಂತೆ ನೀರಿನ ಮಟ್ಟಕ್ಕಿಂತ ಮೇಲಿರುವ ಪೈಪಿನೊಳಗೆ ಒತ್ತಡ ಹೊರಗಿನ ಗಾಳಿಯದಕ್ಕಿಂತ ಕಡಿಮೆ. ಅಲ್ಲಿ ತೂತಿದ್ದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸ್ಟ್ರಾಗೆ ಸೂಜಿಯಲ್ಲಿ ಚುಚ್ಚಿ ಹೀರಿ ನೋಡಿ. ತೂತಿನಿಂದ ಹನಿ ಬೀಳುವುದಿಲ್ಲ, ಬಾಯಿಗೆ ಮಾತ್ರ ಗಾಳಿ ಬರುತ್ತದೆ. ಪಂಪಿನ ಮುಂದೆ, ಫಿಲ್ಟರು, ನಳಿಕೆಗಳ ಕಡೆ, ನೀರು ತಳ್ಳಲ್ಪಡುತ್ತಿರುತ್ತದೆ. ಅಲ್ಲಿ ತೂತಿದ್ದರೆ ನೆಲ ಒದ್ದೆಯಾಗುತ್ತದೆ. ಆದ್ದರಿಂದ ಗುಳ್ಳೆ ಕಂಡದ್ದು ನಳಿಕೆಯಲ್ಲಾದರೂ ನಳಿಕೆಗೂ ಫಿಲ್ಟರಿಗೂ ಅದರಲ್ಲಿ ಪಾಲಿಲ್ಲ. ಗುಳ್ಳೆಗೆ ಮರಳು ಬದಲಾಯಿಸುವುದೆಂದರೆ ಕಾಲು ನೋವಿಗೆ ತಲೆಗೆ ಎಣ್ಣೆ ಹಚ್ಚಿದಂತೆ.

ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು. ಪಂಪ್ ನಿಂತಾಗ ಕೊಳದ ನೀರೇ ಒತ್ತಿ, ತೂತಿನಿಂದ ಹನಿದು, ಬೆರಳು ಮಾಡಿ ತೋರಿಸುತ್ತಿತ್ತು. ಇಲ್ಲಿ ಪಂಪು ಅರ್ಧ ಮೀಟರ್ ಮೇಲಿದೆ. ಪಂಪ್ ನಿಂತರೆ ತೂತಿನಿಂದ ಗಾಳಿ ಹೊಕ್ಕು ಪೈಪಿನ ನೀರು ಕೊಳಕ್ಕೆ ಇಳಿದು ಹೋಗುತ್ತದೆ. ಕೋಣೆಯ ನೆಲ ಮಾತ್ರ ಒಣಗಿಯೇ ಇರುತ್ತದೆ. "ಎಲ್ಲೂ ಲೀಕ್ ಇಲ್ವಲ್ಲೋ" ಎಂದು ಭಾವ ಅಂದದ್ದು ಅದಕ್ಕೇ. ಬೆಳಿಗ್ಗೆ ಪಂಪು ನೀರು ಎತ್ತಲು ಹತ್ತು ನಿಮಿಷ ಒದ್ದಾಡುತ್ತಿತ್ತೆಂದು ಅಕ್ಕ ಹೇಳಿದ್ದೂ ಇದಕ್ಕೆ ಹೊಂದುತ್ತಿತ್ತು.

ಸಿಕ್ಕಿಬಿದ್ದ ತಪ್ಪು ಕಳ್ಳ

ಮೊದಲು ಸುಲಭದ್ದು. ಸ್ಕಿಮ್ಮರಿನ ಬಾಯಿಯ ಅರ್ಧದವರೆಗೆ ನೀರಿತ್ತು, ಅಲ್ಲಿನ ತೇಲುಬಾಗಿಲು ಸಲೀಸಾಗಿ ಆಡುತ್ತಿತ್ತು, ಸುಳಿ ಎದ್ದು ಗಾಳಿ ಒಳಗೆ ಹೋಗುತ್ತಿರಲಿಲ್ಲ. ಯಾರೂ ನೀರಿಗಿಳಿಯದಂತೆ ಹೇಳಿ, ಡ್ರೈನಿನ ವಾಲ್ವ್ ಮುಚ್ಚಿ ಸ್ಕಿಮ್ಮರಿನಿಂದ ಮಾತ್ರ ಎಳೆಸಿದೆ, ಗುಳ್ಳೆ ಇತ್ತು. ಸ್ಕಿಮ್ಮರ್ ಮುಚ್ಚಿ ಡ್ರೈನಿನಿಂದ ಮಾತ್ರ ಎಳೆಸಿದೆ. ಆಗಲೂ ಅಷ್ಟೇ ಗುಳ್ಳೆ. (ಇಡೀ ಪಂಪಿನ ಸೆಳೆತ ಒಂದೇ ಬಾಯಿಗೆ ಬೀಳುವುದರಿಂದ ಈ ಪರೀಕ್ಷೆಯ ಹೊತ್ತಿನಲ್ಲಿ ನೀರಿನಲ್ಲಿ ಯಾರಾದರೂ ಇರುವುದು ಜೀವಕ್ಕೆ ಅಪಾಯ. ಕೂದಲೋ ಬಟ್ಟೆಯೋ ಮೈಯೋ ಹಿಡಿದುಕೊಂಡರೆ ಬಿಡಿಸಲಾಗದು.) ಎರಡು ದಾರಿಗೂ ಒಂದೇ ಗುಳ್ಳೆ ಎಂದ ಮೇಲೆ ನೆಲದೊಳಗಿನ ಪೈಪು ನಿರಪರಾಧಿ. ತೂತು ಇರುವುದು ಎರಡೂ ಸೇರಿದ ಜಾಗದಿಂದ ಪಂಪಿನವರೆಗೆ, ಅಂದರೆ ನನ್ನ ಕಣ್ಣ ಮುಂದಿನ ಒಂದು ಮೀಟರಿನೊಳಗೆ. ನೆಲ ಅಗೆಯಬೇಕಾಗುತ್ತದೆ ಎಂದು ಹೆದರಿದ್ದ ಭಾವ ಆಗ ಹೋಗಿ ಕಾಫಿ ತಂದರು.

ಆ ಒಂದು ಮೀಟರಿನಲ್ಲಿ ಶಂಕಿತರು ನಾಲ್ಕು: ವಾಲ್ವಿನ ಹಿಡಿಕೆಯ ಕೆಳಗಿನ ಓ-ರಿಂಗ್, ಪಂಪಿನ ಬಾಯಿಗೆ ತಿರುಚಿ ಕೂರಿಸಿದ ಪೈಪಿನ ಮರೆತುಂಡು (ಮರೆ ಎಂದರೆ ತಿರುಪಿನ ಸುತ್ತುಗೆರೆ), ಮುಚ್ಚಳದ ಓ-ರಿಂಗ್, ಪಾತ್ರೆಯ ಕೆಳಗಿನ ನೀರು ಬಿಡುವ ಬಿರಡೆ. ನಾನು ಮುಚ್ಚಳಕ್ಕೆ ಕೈ ಹಾಕಿದೆ. ಓ-ರಿಂಗ್ ಹೊಸದೇ, ಆದರೆ ಉಬ್ಬಿ, ತೋಡಿನಿಂದ ಎದ್ದು ನಿಂತಿತ್ತು. ಹಾಕುವಾಗ ಪೆಟ್ರೋಲಿಯಂ ಜೆಲ್ಲಿ ಸವರಿದ್ದರಂತೆ. ಕೆಲವು ಬಗೆಯ ರಬ್ಬರನ್ನು ಅದು ಹೀಗೇ ಊದಿಸುತ್ತದೆ. ಇಲ್ಲಿ ಬೇಕಾದದ್ದು ಸಿಲಿಕೋನ್ ಗ್ರೀಸ್. "ಸಿಕ್ಕಿದ ನೋಡಿ ಕಳ್ಳ" ಎಂದು ಭಾವನ ಮುಂದೆ ಓ-ರಿಂಗ್ ಎತ್ತಿ ಹಿಡಿದೆ. ಬೇರೆ ತಂದು, ತೋಡು ಒರೆಸಿ, ಸಿಲಿಕೋನ್ ಗ್ರೀಸ್ ಸವರಿ ಹಾಕಿದೆ. ಪಾತ್ರೆ ಬೇಗ ತುಂಬಿದಂತೆ ಕಂಡಿತು. ಊಟ ಮಾಡಿ ಹೊರಟುಬಿಟ್ಟೆ.

ಮರುದಿನ ಬೆಳಿಗ್ಗೆ ಅಕ್ಕನ ಫೋನ್: "ಪಾತ್ರೆ ಖಾಲಿ ಇದೆ ಕಣೋ."

ತಪ್ಪು ಓ-ರಿಂಗಿನದಲ್ಲ, ನನ್ನದು. ಕಣ್ಣಿಗೆ ಕೆಟ್ಟದಾಗಿ ಕಂಡದ್ದನ್ನೇ ಕಾರಣವೆಂದು ಹಿಡಿದೆ. ಅದನ್ನು ಸರಿಮಾಡಿದ ಮೇಲೆ ಗುಳ್ಳೆ ನಿಂತಿದೆಯೇ ಎಂದು ನಳಿಕೆಯ ಹತ್ತಿರ ಹೋಗಿ ನೋಡಲಿಲ್ಲ. ಐದು ನಿಮಿಷದ ಕೆಲಸ. ಊಟದ ವಾಸನೆ ಬಂದಿತ್ತು.

ನೀರು, ನೊರೆ

ಮುಂದಿನ ಭಾನುವಾರ ವ್ಯಾಕ್ಯೂಮ್ ಗೇಜ್ ತೆಗೆದುಕೊಂಡು ಹೋದೆ. ಪಾತ್ರೆಯ ಕೆಳಗಿನ ಬಿರಡೆ ಬಿಚ್ಚಿ ಆ ಜಾಗಕ್ಕೆ ಅದನ್ನು ಕೂರಿಸಿದರೆ ಪಂಪು ಎಷ್ಟು ಬಲವಾಗಿ ಎಳೆಯುತ್ತಿದೆ ಎಂದು ತಿಳಿಯುತ್ತದೆ. ಪಾದರಸದ ಲೆಕ್ಕದಲ್ಲಿ 3 ಇಂಚಿನ ಆಸುಪಾಸು ತೋರಿಸಿತು. ಪೈಪೋ ಬುಟ್ಟಿಯೋ ಕಟ್ಟಿಕೊಂಡಿದ್ದರೆ ಪಂಪು ತಿಣುಕಿ ಮುಳ್ಳು ಎಷ್ಟೋ ಮೇಲೆ ಹೋಗಬೇಕಿತ್ತು. ಫಿಲ್ಟರಿನ ಗೇಜೂ ಕಡಿಮೆ, ಎಳೆತದ ಗೇಜೂ ಕಡಿಮೆ ಎಂದರೆ ಎರಡೇ ಸಾಧ್ಯತೆ: ಗಾಳಿ ಸೇರುತ್ತಿದೆ, ಇಲ್ಲವೇ ಪಂಪಿನೊಳಗೆ ನೀರು ತಳ್ಳುವ ತಿರುಗುಚಕ್ರದಲ್ಲಿ, ಅಂದರೆ ಇಂಪೆಲ್ಲರಿನಲ್ಲಿ, ಕಸ ಸಿಕ್ಕಿದೆ. ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಬುಟ್ಟಿ ತೆಗೆದು, ಕೈಬೆರಳು ಮತ್ತು ಬಾಗಿಸಿದ ತಂತಿಯಿಂದ ಇಂಪೆಲ್ಲರಿನ ಗಂಟಲು ತಡವಿದೆ. ಒಂದು ಎಲೆಯ ತೊಟ್ಟು ಬಿಟ್ಟರೆ ಏನಿಲ್ಲ. ಕಸದ ಇಂಪೆಲ್ಲರು ಗುಳ್ಳೆಯನ್ನು ಹುಟ್ಟಿಸುವುದೂ ಇಲ್ಲ.

ಆಮೇಲೆ ಮಾಡಿದ್ದು ತೀರ ಸರಳ. ಪಂಪ್ ಓಡುತ್ತಿದ್ದಾಗ ಬಾಟಲಿಯಿಂದ ಒಂದೊಂದು ಕೀಲಿನ ಮೇಲೂ ನಿಧಾನವಾಗಿ ನೀರು ಸುರಿಯುತ್ತ ಹೋದೆ, ಮೋಟಾರಿಗೆ ಸಿಡಿಯದ ಹಾಗೆ. ತೂತಿನ ಮೇಲೆ ನೀರು ಬಿದ್ದಷ್ಟು ಹೊತ್ತು ಗಾಳಿಯ ಬದಲು ನೀರು ಒಳಗೆ ಹೋಗುತ್ತದೆ, ಪಾತ್ರೆಯ ಗುಳ್ಳೆ ಕರಗುತ್ತದೆ. ವಾಲ್ವಿನ ಹಿಡಿಕೆಗೆ ಸುರಿದೆ, ಬದಲಾವಣೆಯಿಲ್ಲ. ಮುಚ್ಚಳದ ಸುತ್ತ, ಇಲ್ಲ. ಪಂಪಿನ ಬಾಯಿಗೆ ಪೈಪ್ ತಿರುಚಿದ ಕಡೆ ಸುರಿದಾಗ ಪಾತ್ರೆಯೊಳಗಿನ ಸುತ್ತಾಟ ಒಮ್ಮೆಲೇ ನಿಂತು, ನೀರು ಗಾಜಿನಂತಾಯಿತು. ಮೂರು ನಾಲ್ಕು ಸೆಕೆಂಡು. ಬಾಟಲಿ ತೆಗೆದೆ, ಮತ್ತೆ ಶುರು. ಖಾತ್ರಿಗಾಗಿ ಭಾವನ ಶೇವಿಂಗ್ ಫೋಮ್ ತರಿಸಿ ಆ ಮರೆಯ ಸುತ್ತ ಉಂಗುರದಂತೆ ಹಚ್ಚಿದೆ. ಕೆಳಮಗ್ಗುಲಲ್ಲಿ, ಕಣ್ಣಿಗೆ ಕಾಣದ ಕಡೆ, ನೊರೆ ಕಡಲೆಕಾಳಿನಷ್ಟು ಗುಳಿ ಬಿದ್ದು ಒಳಗೆ ಹೋಯಿತು. ಈ ಸಲ ನಳಿಕೆಯ ಹತ್ತಿರವೂ ಹೋಗಿ ನಿಂತೆ. ಅಕ್ಕ ನೀರು ಸುರಿದಾಗ ಗುಳ್ಳೆ ನಿಂತು, ಬಿಟ್ಟಾಗ ಬಂತು.

ಆ ಕೀಲಿನ ಸುತ್ತ ಹಿಂದೆ ಯಾರೋ ಹೊರಗಿನಿಂದ ಸಿಲಿಕೋನ್ ಬಳಿದಿದ್ದರು. ಎಳೆಯುವ ಕಡೆ ಹೊರಗಿನ ಬಳಿತ ಹೆಚ್ಚು ದಿನ ನಿಲ್ಲುವುದಿಲ್ಲ. ಒದ್ದೆಯ ಮೇಲೆ ಬಳಿದರೆ ಅದು ಹಿಡಿಯುವುದೂ ಇಲ್ಲ. ಆದರೆ ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಯಾರೋ ಸರಿಯಾದ ಜಾಗಕ್ಕೇ ಬಂದು, ಕಾರಣ ಕೇಳದೆ, ಬಳಿದು ಹೋಗಿದ್ದರು.

ಒಣಗಿದ ಪಂಪು

ಪೈಪನ್ನು ಕತ್ತರಿಸಿ ಆ ಮರೆಯ ತುಂಡನ್ನು ಬಿಚ್ಚಿದೆ. ಕೈಯಲ್ಲೇ ಬಿಚ್ಚಿಕೊಂಡಿತು, ರೆಂಚು ಬೇಕಾಗಲಿಲ್ಲ. ಪಿವಿಸಿ ಮರೆ ಸೊರಗಿತ್ತು. ದುಂಡಗಿರಬೇಕಾದ ಕುತ್ತಿಗೆ ಒಂದು ಕಡೆ ಒಳಸರಿದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಇದು ವಯಸ್ಸಾದ ಪ್ಲಾಸ್ಟಿಕ್ಕಿನ ಲಕ್ಷಣವಲ್ಲ, ಬಿಸಿ ಕಂಡ ಪ್ಲಾಸ್ಟಿಕ್ಕಿನ ಲಕ್ಷಣ.

"ಭಾವ, ಪಂಪು ಯಾವಾಗಲಾದರೂ ನೀರಿಲ್ಲದೆ ಓಡಿತ್ತಾ?"

"ಇಲ್ಲಪ್ಪ. ಟೈಮರ್ ಇದೆಯಲ್ಲ, ದಿನಾ ಎಂಟು ಗಂಟೆ, ಅಷ್ಟೇ."

ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನಾವು ಮದುವೆಗೆ ಹೋಗಿ ಬಂದಾಗ ಕಿರ್ರೋ ಅಂತಿತ್ತಲ್ಲ, ಮುಟ್ಟಿದ್ರೆ ಕೈ ಸುಟ್ಟಿತ್ತಲ್ಲ, ಅದೇನು?"

"ಅದು... ನೀರು ಸ್ವಲ್ಪ ಕೆಳಗಿಳಿದಿತ್ತು. ತುಂಬಿಸಿದ ಮೇಲೆ ಚೆನ್ನಾಗೇ ಓಡಿತಲ್ಲ," ಎಂದರು ಭಾವ.

ಒಂಬತ್ತು ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಎಲೆ ಚೆನ್ನಾಗಿ ಎಳೆಯಲಿ ಎಂದು ಭಾವ ಹೊರಡುವಾಗ ಡ್ರೈನಿನ ವಾಲ್ವ್ ಮುಚ್ಚಿ, ಸ್ಕಿಮ್ಮರೊಂದನ್ನೇ ಬಿಟ್ಟಿದ್ದರು. ನೀರು ಸ್ಕಿಮ್ಮರಿನ ಬಾಯಿಗಿಂತ ಕೆಳಗಿಳಿದ ಮೇಲೆ ಪಂಪಿಗೆ ಸಿಕ್ಕಿದ್ದು ಬರೀ ಗಾಳಿ. ಟೈಮರಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಅದು ದಿನವೂ ಎಂಟು ಗಂಟೆ ಓಡಿಸಿತು. ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರನ್ನೇ ಇಂಪೆಲ್ಲರು ಕಡೆಯುತ್ತ ಹೋಯಿತು. ಹೊಸ ನೀರು ಬರದಿದ್ದರೆ ಆ ನೀರು ಬಿಸಿಯಾಗುತ್ತ ಹೋಗುತ್ತದೆ. ಸಾಮಾನ್ಯ ಪಿವಿಸಿ ಪೈಪನ್ನು 60 ಡಿಗ್ರಿ ಸೆಲ್ಸಿಯಸ್‌ವರೆಗಷ್ಟೇ ಬಳಸಬೇಕು, ಅದರ ಮೇಲೆ ಮೆದುವಾಗತೊಡಗುತ್ತದೆ. ಪಂಪಿನ ಬಾಯಿಗೆ ಬಿಗಿಯಾಗಿ ತಿರುಚಿಟ್ಟ ಮರೆ ಆಗಲೇ ಹಿಸುಕಿದ ಸ್ಥಿತಿಯಲ್ಲಿರುತ್ತದೆ. ಬಿಸಿಗೆ ಮೆತ್ತಗಾದಾಗ ಹಿಸುಕಿದಷ್ಟೂ ಕುಗ್ಗುತ್ತದೆ, ತಣಿದಾಗ ಕುಗ್ಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ನೀರು ತುಂಬಿಸಿದ ದಿನ ಏನೂ ಗೊತ್ತಾಗುವುದಿಲ್ಲ. ಪಂಪಿನ ನಡುಕಕ್ಕೆ ಸಡಿಲಾಗುತ್ತ ಒಂದೆರಡು ವಾರದಲ್ಲಿ ಗುಳ್ಳೆ ಕಾಣಿಸುತ್ತದೆ. ಅಷ್ಟು ಹೊತ್ತಿಗೆ ಮದುವೆಯ ವಿಷಯ ಎಲ್ಲರಿಗೂ ಮರೆತಿರುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು. ಒಂಬತ್ತು ದಿನದಲ್ಲಿ ನೀರು ಅಷ್ಟು ಇಳಿದದ್ದು ಹೇಗೆ? ಭಾವ ಬಿಸಿಲನ್ನು ತೋರಿಸಿದರು. ನಾನು ಫಿಲ್ಟರಿನ ಹಿಂದೆ ಹೋಗಿ ಹೊಲಸು ನೀರು ಬಿಡುವ ಪೈಪಿನ ತುದಿ ನೋಡಿದೆ. ವಾಲ್ವ್ ಫಿಲ್ಟರ್ ಸ್ಥಾನದಲ್ಲಿದ್ದಾಗ ಅದು ಒಣಗಿರಬೇಕು. ಪಂಪ್ ಓಡಿಸಿ ನೋಡಿದಾಗಲೆಲ್ಲ ಅಲ್ಲಿ ದಾರದಂತೆ ನೀರು ಇಳಿಯುತ್ತಿತ್ತು. ಮಲ್ಟಿಪೋರ್ಟ್ ವಾಲ್ವಿನೊಳಗೆ ಗಾಡಿಚಕ್ರದ ಕಡ್ಡಿಗಳಂಥ ಗ್ಯಾಸ್ಕೆಟ್ ಇರುತ್ತದೆ. ಒಂದು ದಾರಿಯ ನೀರು ಇನ್ನೊಂದಕ್ಕೆ ಹೋಗದಂತೆ ತಡೆಯುವುದು ಅದರ ಕೆಲಸ. ಬಿಚ್ಚಿದಾಗ ಒಂದು ಕಡ್ಡಿ ತೋಡಿನಿಂದ ಎದ್ದು ತಿರುಚಿಕೊಂಡಿತ್ತು. ಪಂಪ್ ಓಡುತ್ತಿರುವಾಗಲೇ ಹಿಡಿಕೆ ತಿರುಗಿಸಿದರೆ ಹೀಗಾಗುತ್ತದೆ. ಮರಳು ಹಾಕುವ ಮೊದಲೂ ಆ ಅಭ್ಯಾಸ ಇತ್ತಾ ಎಂದು ನಾನು ಕೇಳಲಿಲ್ಲ. ಭಾವ ತಾವಾಗಿಯೇ ಬೇರೆ ಕಡೆ ನೋಡಿದರು.

ಲೆಕ್ಕ ಹಾಕೋಣವೆಂದು ಗ್ಯಾಸ್ಕೆಟ್ ಬದಲಾಯಿಸುವ ಮೊದಲು ಒಂದು ದಿನ ಬಕೆಟ್ ಪರೀಕ್ಷೆ ಮಾಡಿಸಿದ್ದೆ. ಕೊಳದ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಬಕೆಟಿನ ಮಟ್ಟವನ್ನೂ ಕೊಳದ ಮಟ್ಟವನ್ನೂ ಗುರುತು ಹಾಕಿ, 24 ಗಂಟೆ ಬಿಟ್ಟು ನೋಡುವುದು. ಬಕೆಟಿನಲ್ಲಿ 5 ಮಿಲಿಮೀಟರ್ ಇಳಿದಿತ್ತು. ಅದು ಬಿಸಿಲಿನ ಪಾಲು. ಕೊಳದಲ್ಲಿ 12 ಇಳಿದಿತ್ತು. ಉಳಿದ 7 ಮಿಲಿಮೀಟರನ್ನು 36 ಚದರ ಮೀಟರಿಗೆ ಗುಣಿಸಿದರೆ ದಿನಕ್ಕೆ ಸುಮಾರು 250 ಲೀಟರ್. ಎಂಟು ಗಂಟೆಯ ಓಟದಲ್ಲಿ ನಿಮಿಷಕ್ಕೆ ಅರ್ಧ ಲೀಟರ್. ದಾರದಂಥ ಆ ಧಾರೆಗೆ ಸರಿಹೊಂದುವ ಲೆಕ್ಕ. ಬಿಸಿಲೊಂದೇ ಆಗಿದ್ದರೆ ಒಂಬತ್ತು ದಿನಕ್ಕೆ ನಾಲ್ಕೂವರೆ ಸೆಂಟಿಮೀಟರ್ ಇಳಿಯುತ್ತಿತ್ತು, ಸ್ಕಿಮ್ಮರಿನ ಬಾಯಿ ಮುಳುಗಿಯೇ ಇರುತ್ತಿತ್ತು. ಎರಡೂ ಸೇರಿ ದಿನಕ್ಕೆ 12 ಆದ್ದರಿಂದ ಆರನೆಯದೋ ಏಳನೆಯದೋ ದಿನಕ್ಕೆ ಬಾಯಿ ಬಯಲಾಯಿತು. ಮೊದಲು ಕೆಟ್ಟದ್ದು ಗ್ಯಾಸ್ಕೆಟ್, ಅದರಿಂದ ನೀರಿನ ಮಟ್ಟ, ಅದರಿಂದ ಮರೆ, ಅದರಿಂದ ಗಾಳಿ. ಕಣ್ಣಿಗೆ ಬಿದ್ದದ್ದು ಮಾತ್ರ ಹಸಿರು ನೀರು.

ರಿಪೇರಿ

ಪಂಪಿನ ಬಾಯಿಯ ಒಳಮರೆಯಲ್ಲಿ ಬಿರುಕಿಲ್ಲವೆಂದು ಬೆರಳಾಡಿಸಿ ನೋಡಿದೆ; ಬಿರುಕಿದ್ದರೆ ಪಂಪಿನ ಮುಂಭಾಗವೇ ಹೋದಂತೆ. ಹಳೆಯ ಟೇಪ್ ಚೂರುಗಳನ್ನೆಲ್ಲ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತೆಗೆದೆ. ಹೊಸದಾಗಿ ಹಾಕಿದ್ದು ಬಿಸಿ ತಡೆಯುವ, ದಪ್ಪ ಗೋಡೆಯ ಯೂನಿಯನ್, ಅಂದರೆ ಬಿಚ್ಚಿ ಜೋಡಿಸಬಹುದಾದ ಕೀಲು. ಮುಂದೆ ಪಂಪ್ ಬಿಚ್ಚಬೇಕಾದರೆ ಪೈಪ್ ಕತ್ತರಿಸುವ ಕೆಲಸವೂ ಇಲ್ಲ. ಟೆಫ್ಲಾನ್ ಟೇಪನ್ನು ಮರೆಯ ತುದಿ ನಮ್ಮ ಕಡೆ ಇಟ್ಟುಕೊಂಡು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಾಲ್ಕು ಸುತ್ತು; ಎದುರು ದಿಕ್ಕಿನಲ್ಲಿ ಸುತ್ತಿದರೆ ತಿರುಚುವಾಗ ಸುಲಿದುಕೊಂಡು ಬರುತ್ತದೆ. ಕೈಯಲ್ಲಿ ಬಿಗಿ, ಆಮೇಲೆ ಒಂದು ಸುತ್ತಿನಷ್ಟು. ಕಬ್ಬಿಣದ ಪೈಪಿಗೆ ಹಾಕುವ ಬಲ ಇಲ್ಲಿ ಹಾಕಿದರೆ ಪ್ಲಾಸ್ಟಿಕ್ ಬಾಯಿ ಸೀಳುತ್ತದೆ.

ಹಳೆಯ ಜೋಡಣೆಯಲ್ಲಿ ಮೊಣಕೈ ಬೆಂಡು ಪಂಪಿನ ಬಾಯಿಗೇ ಅಂಟಿಕೊಂಡಿತ್ತು. ನೀರು ತಿರುಗಿದ ಕೂಡಲೇ ಇಂಪೆಲ್ಲರಿಗೆ ನುಗ್ಗಿದರೆ ಕಲಕಿ, ಪಂಪು ಗೊರಗೊರ ಎನ್ನುತ್ತದೆ. ಎರಡು ಇಂಚಿನ ಪೈಪಿಗೆ ಅದರ ಅಗಲದ ಐದರಷ್ಟು, ಅಂದರೆ ಹತ್ತು ಇಂಚು, ನೆಟ್ಟಗೆ ಬಿಟ್ಟು ಬೆಂಡು ಹಿಂದಕ್ಕೆ ಸರಿಸಿದೆ. ಸೊಲ್ಯೂಷನ್ (ಪಿವಿಸಿ ಪೈಪಿನ ಅಂಟು) ಹಚ್ಚಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಅದುಮಿ ಹಿಡಿದು, ರಾತ್ರಿಯಿಡೀ ಒಣಗಲು ಬಿಟ್ಟೆವು.

ಒಣ ಓಟ ಮರೆಯನ್ನು ಮಾತ್ರ ಕೆಡಿಸಿ ಬಿಟ್ಟಿರಲಾರದು ಎಂಬ ಅನುಮಾನದಿಂದ ಪಂಪನ್ನೂ ಬಿಚ್ಚಿದೆ. ಶಾಫ್ಟಿನ ಮೇಲೆ ಎರಡು ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತಿರುತ್ತವೆ, ಒಂದು ಕಾರ್ಬನ್, ಇನ್ನೊಂದು ಸೆರಾಮಿಕ್. ಪಂಪಿನ ನೀರು ಮೋಟಾರಿನ ಕಡೆ ಹೋಗದಂತೆ ತಡೆಯುವ ಸೀಲ್ ಎಂದರೆ ಈ ಜೋಡಿಯೇ. ನಡುವಿನ ನೀರಿನ ತೆಳು ಪದರವೇ ಅವಕ್ಕೆ ಎಣ್ಣೆ. ಅದು ಒಣಗಿದರೆ ಉಜ್ಜಿ ಗೆರೆ ಬೀಳುತ್ತದೆ. ಸೆರಾಮಿಕ್ ಬಿಲ್ಲೆಯ ಮೇಲೆ ಉಗುರಿಗೆ ತಾಗುವ ಗೆರೆಗಳಿದ್ದವು, ಪಂಪಿನ ಹೊಟ್ಟೆಯ ಕೆಳಗೆ ನೀರು ಒಣಗಿದ ಬಿಳಿ ಕಲೆ ಇತ್ತು. ಇನ್ನೊಂದು ತಿಂಗಳಲ್ಲಿ ಹನಿದು, ಆ ನೀರು ಮೋಟಾರಿನ ಬೇರಿಂಗಿಗೆ ಇಳಿದು, ಮೋಟಾರಿಗೇ ಬರುತ್ತಿತ್ತು. ಸೀಲ್ ಹೊಸದು ಹಾಕಿದೆ. ಹಾಕುವಾಗ ಬಿಲ್ಲೆಗಳ ಮುಖಕ್ಕೆ ಬೆರಳು ತಾಗಿಸಬಾರದು. ಬೆರಳಿನ ಜಿಡ್ಡು, ಮರಳಿನ ಒಂದು ಕಣ, ಯಾವುದಾದರೂ ಸಾಕು ಹೊಸ ಸೀಲನ್ನು ಮೊದಲ ದಿನವೇ ಹಾಳುಮಾಡಲು. ನಾನು ಹತ್ತಿಬಟ್ಟೆಯಲ್ಲಿ ಹಿಡಿದು, ಸಾಬೂನು ನೀರು ಸವರಿ ಕೂರಿಸುತ್ತೇನೆ.

ಬೆಳಿಗ್ಗೆ ಪಾತ್ರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಸ್ವಿಚ್ ಹಾಕಿದೆ. ಪಂಪು ಹ್ಮ್‌ಮ್ ಎಂದಿತು, ತಿರುಗಲಿಲ್ಲ. ತಕ್ಷಣ ಆರಿಸಿದೆ. ಸೀಲ್ ಕೂರಿಸುವಾಗ ಏನೋ ಎಡವಟ್ಟು ಮಾಡಿದೆನೆಂದು ಎದೆ ಧಸಕ್ಕೆಂದಿತು. ಭಾವ ಹಿಂದೆಯೇ ನಿಂತಿದ್ದರು ಬೇರೆ. ಎಂಸಿಬಿ ಇಳಿಸಿ ಮೋಟಾರಿನ ಹಿಂದಿನಿಂದ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಿತು. ಹಾಗಾದರೆ ಸಿಕ್ಕಿಹಾಕಿಕೊಂಡಿಲ್ಲ, ಮೋಟಾರಿಗೆ ಮೊದಲ ನೂಕು ಕೊಡುವ ಕೆಪಾಸಿಟರ್ ಸತ್ತಿದೆ. ಡಬ್ಬಿ ತೆರೆದಾಗ ಅದರ ತಲೆ ಉಬ್ಬಿತ್ತು. ಬಿಸಿಯನ್ನು ಅದೂ ತಿಂದಿತ್ತು. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಉಳಿದಿರುತ್ತದೆ. ಅದನ್ನು ಖಾಲಿಮಾಡಲು ಗೊತ್ತಿಲ್ಲದವರು ಆ ಡಬ್ಬಿ ತೆರೆಯದೆ ಎಲೆಕ್ಟ್ರಿಷಿಯನ್ನನ್ನು ಕರೆಯುವುದೇ ಸರಿ. ಬದಲಿಗೆ ಹಾಕುವುದು ಅಷ್ಟೇ ಮೈಕ್ರೋಫ್ಯಾರಡಿನದಾಗಿರಬೇಕು. ವೋಲ್ಟೇಜ್ ಅಷ್ಟೇ ಇರಲಿ, ಹೆಚ್ಚಿದ್ದರೂ ಅಡ್ಡಿಯಿಲ್ಲ, ಕಡಿಮೆ ಇರಬಾರದು.

ಮಧ್ಯಾಹ್ನಕ್ಕೆ ಪಂಪು ಓಡಿತು. ಒಂದೂವರೆ ನಿಮಿಷದಲ್ಲಿ ಪಾತ್ರೆ ತುಂಬಿ, ಮುಚ್ಚಳದ ಕೆಳಗೆ ನೀರಿದೆಯೋ ಇಲ್ಲವೋ ಎಂದು ಬೆಳಕು ಬಿಟ್ಟು ನೋಡಬೇಕಾಯಿತು. ಗೇಜು 12ರಲ್ಲಿ, ಭಾವನ ಪೆನ್ನಿನ ಗುರುತಿನ ಮೇಲೆ ನಿಂತಿತು. ಹೊಲಸು ನೀರಿನ ಪೈಪು ಒಣಗಿತ್ತು.

ಹಸಿರಿನ ಲೆಕ್ಕ

ಅಕ್ಕನ ಮೂಲ ದೂರು ಇದಾಗಿತ್ತು, ಅದಕ್ಕೆ ಉತ್ತರ ಕೊಡಬೇಕು. ಮೊದಲ ಭಾನುವಾರ ಅಳೆದಾಗ ಪಿಎಚ್ 8.2, ಉಳಿದ ಕ್ಲೋರಿನ್ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ). ಇರಬೇಕಾದದ್ದು ಪಿಎಚ್ 7.2ರಿಂದ 7.8, ಕ್ಲೋರಿನ್ 1ರಿಂದ 3. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ, ಪಾಚಿಯನ್ನೂ ಕ್ರಿಮಿಯನ್ನೂ ಬೇಗ ಕೊಲ್ಲುವುದು ಒಂದು ರೂಪ ಮಾತ್ರ. ಪಿಎಚ್ 7.5ರಲ್ಲಿ ಸುಮಾರು ಅರ್ಧ ಪಾಲು ಆ ರೂಪದಲ್ಲಿರುತ್ತದೆ, 8.2ಕ್ಕೆ ಹೋದರೆ ಐದನೆಯ ಒಂದು ಪಾಲೂ ಇರುವುದಿಲ್ಲ. ಹಾಕಿದ್ದು ಹೆಚ್ಚಾದರೂ ಕೆಲಸಕ್ಕೆ ಬಂದದ್ದು ಕಡಿಮೆ, ಪಾಚಿ ಬೆಳೆಯಿತು, ಬೆಳೆದ ಪಾಚಿ ಇದ್ದ ಕ್ಲೋರಿನ್ನನ್ನೂ ತಿಂದಿತು.

ಪಿಎಚ್ ಏರಿದ್ದು ಯಾಕೆ? ಗುಳ್ಳೆಯಿಂದ. ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಪಿಎಚ್ಚನ್ನು ಕೆಳಗೆ ಹಿಡಿದಿರುತ್ತದೆ. ನೀರಿನಲ್ಲಿ ಗಾಳಿ ಆಡಿಸಿದರೆ ಅದು ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ದಿನಕ್ಕೆ ಎಂಟು ಗಂಟೆ, ಎರಡು ನಳಿಕೆಯಿಂದ, ವಾರಗಟ್ಟಲೆ ಗುಳ್ಳೆ ಬಿಟ್ಟರೆ ಇನ್ನೇನಾದೀತು? ಜೊತೆಗೆ ಗಾಳಿ ಸೇರಿದ ಪಂಪು ಬೇಕಾದಷ್ಟು ನೀರನ್ನು ಫಿಲ್ಟರಿಗೆ ಕಳಿಸುತ್ತಿರಲಿಲ್ಲ. ಆಸಿಡ್ಡನ್ನು ಎರಡು ಕಂತಿನಲ್ಲಿ, ಪಂಪ್ ಓಡುವಾಗ, ನಳಿಕೆಯ ಎದುರು ಸುರಿದು ಪಿಎಚ್ಚನ್ನು 7.4ಕ್ಕೆ ಇಳಿಸಿದೆವು. (ಆಸಿಡ್ಡಿನ ಡಬ್ಬಿ, ಕ್ಲೋರಿನ್ ಡಬ್ಬಿ ಒಂದೇ ಕಪಾಟಿನಲ್ಲಿದ್ದವು. ಅವೆರಡು ಸೇರಿದರೆ ವಿಷಾನಿಲ. ಬೇರೆ ಇಡಿಸಿ ಬಂದೆ.) ಆಮೇಲೆ ಕ್ಲೋರಿನ್ ಏರಿಸಿ, ಗೋಡೆ ಉಜ್ಜಿಸಿ, ಪಂಪನ್ನು ಹಗಲು ರಾತ್ರಿ ಬಿಟ್ಟು, ಗೇಜು 20 ತಲುಪಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿದರು. ಮೂರನೆಯ ದಿನ ಡ್ರೈನಿನ ಜಾಲರಿ ಮೇಲಿನಿಂದ ಕಾಣಿಸಿತಂತೆ. ಪಿಎಚ್ ಈಗಲೂ ಏರುತ್ತದೆ, ಆದರೆ ದಿನದ ಲೆಕ್ಕದಲ್ಲಲ್ಲ, ವಾರದ ಲೆಕ್ಕದಲ್ಲಿ.

ಸ್ಕಿಮ್ಮರಿನ ಪಕ್ಕದ ಹೆಂಚಿನ ಮೇಲೆ ಭಾವ ಪೆನ್ನಿನಲ್ಲಿ ಇನ್ನೊಂದು ಗೆರೆ ಎಳೆದಿದ್ದಾರೆ. ಊರಿಗೆ ಹೊರಟರೆ ಡ್ರೈನಿನ ವಾಲ್ವ್ ಅರ್ಧ ತೆರೆದು ಹೋಗುತ್ತಾರೆ. ನೀರು ಬರದಿದ್ದರೆ ಪಂಪನ್ನು ತಾನೇ ನಿಲ್ಲಿಸುವ ಫ್ಲೋ ಸ್ವಿಚ್ ಹಾಕೋಣ ಎಂದೆ, "ನೋಡೋಣ" ಎಂದಿದ್ದಾರೆ. ಅವರ "ನೋಡೋಣ" ನನಗೆ ಗೊತ್ತು.

ಒಂದೂವರೆ ತಿಂಗಳಾದ ಮೇಲೆ ಅಕ್ಕನ ಫೋನ್ ಬಂತು. "ಮತ್ತೆ ಗುಳ್ಳೆ ಬಂತು ಕಣೋ."

"ಬರ್ತೀನಿ ಇರು, ಭಾನುವಾರ..."

"ಬೇಡ ಬೇಡ. ಬುಟ್ಟಿ ತೊಳೆದ ಮೇಲೆ ಶುರುವಾಗಿತ್ತು. ಬಾಟಲಿ ತಗೊಂಡು ಮುಚ್ಚಳದ ಸುತ್ತ ನೀರು ಸುರಿದೆ, ನಿಂತುಬಿಡ್ತು. ತೆಗೆದು ನೋಡಿದ್ರೆ ಓ-ರಿಂಗಿನ ಮೇಲೆ ಒಂದು ಕೂದಲು. ಉದ್ದದ್ದು. ನಂದೇ."